ಅಂಗೈಯಲ್ಲಿ ಅಭಿಮಾನಿಗಳ ಬಳಗ

ಅಭಿಮಾನವೆಂಬುದು ಒಂಟಿಯಾಗಿರಲೊಲ್ಲದ ಗುಣ. ಒಳ್ಳೆಯ ಕಾದಂಬರಿಯೊಂದನ್ನು ಓದಿ ಮುಗಿಸಿದವನು ಪುಸ್ತಕವನ್ನು ಮುಚ್ಚಿಟ್ಟು ಸುಮ್ಮನೆ ಮಲಗಲಾರ. ಅದನ್ನು ಕುರಿತು ಯಾರೊಡನೆಯಾದರೂ ಎರಡು ಮಾತನಾಡಿದಲ್ಲದೆ ಅವನಿಗೆ ಸಮಾಧಾನವಿಲ್ಲ. ಹಿಂದಿನವರಿಗೆ ಇದಕ್ಕಾಗಿ ಮನೆಯ ಮುಂದಿನ ಜಗಲಿಯಿತ್ತು, ಶಾಲೆಯ ಪಡಸಾಲೆಯಿತ್ತು, ವಾಚನಾಲಯದ ಉದ್ದನೆಯ ಮೇಜಿತ್ತು. ದೂರದವರಿಗೆ ಅಂಚೆಯ ಕಾರ್ಡಿತ್ತು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಅವರ ಮನೆ ಬಾಗಿಲಿಗೆ ಕಳುಹಿಸಿದಾಗ, ಒಬ್ಬರನ್ನೊಬ್ಬರು ಕಂಡರಿಯದ ಓದುಗರದೇ ಒಂದು ಬಳಗವು ನಾಡಿನಲ್ಲಿ ಮೂಡಿತು. ಅಂದು ಅಭಿಮಾನಿಯ ಮಾತು ಊರಿಂದೂರಿಗೆ ತಲುಪಲು ದಿನಗಳು ಬೇಕಾಗಿದ್ದುವು. ಇಂದು ಬಳಗವೇ ಅಂಗೈಯಲ್ಲಿ ಬಂದು ಕುಳಿತಿದೆ.

ಅಂತಹ ಒಂದು ಬಳಗದ ಉಸ್ತುವಾರಿ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಕಾಲೇಜುಗಳ ಬಾಗಿಲು ಮುಚ್ಚಿದ್ದಾಗ, ನಮ್ಮ ಸೀಮೆಯ ಬರಹಗಾರರನ್ನು ಮೆಚ್ಚಿ ಓದುವ ಕೆಲವರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪನ್ನು ಕಟ್ಟಿದೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರುಗಳವರೇ ಅದರಲ್ಲಿ ಹೆಚ್ಚು. ನಮಗೆ ಅಭಿಮಾನಕ್ಕೆ ಬಡತನವಿಲ್ಲ. ಎಸ್. ಎಲ್. ಭೈರಪ್ಪನವರು ಹುಟ್ಟಿದ ಸಂತೇಶಿವರವು ಚನ್ನರಾಯಪಟ್ಟಣ ತಾಲ್ಲೂಕಿನದು. ಹೇಮಾವತಿಯ ದಡದ ಗೊರೂರು ತನ್ನ ಹೆಸರನ್ನೇ ರಾಮಸ್ವಾಮಿ ಅಯ್ಯಂಗಾರರಿಗೆ ಕೊಟ್ಟಿತು. ಅ. ನ. ಕೃಷ್ಣರಾಯರ ಹೆಸರಿನ ಮೊದಲಕ್ಷರವು ಅರಕಲಗೂಡಿನ ಗುರುತು. ಬಾನು ಮುಷ್ತಾಕರು ಹಾಸನದಲ್ಲೇ ಇದ್ದಾರೆ. ಹೊಳೆನರಸೀಪುರದ ಮಿತ್ರರು ಮಾತ್ರ, "ನಿಮ್ಮ ಗೊರೂರಿನ ಹೊಳೆ ನಮ್ಮೂರ ಮುಂದೆಯೇ ಹರಿಯುತ್ತದೆ, ಅಷ್ಟು ಹಕ್ಕು ನಮಗೆ ಸಾಕು" ಎಂದು ನಗುತ್ತಾರೆ.

ಇಂತಹ ಬಳಗಗಳಿಗೆ ಇಂದು ತಾಣಗಳು ಹಲವು. 2009ರಲ್ಲಿ ಹುಟ್ಟಿದ ವಾಟ್ಸಾಪಿನ ಒಂದು ಗುಂಪಿನಲ್ಲಿ 2022ರಿಂದೀಚೆಗೆ 1024 ಮಂದಿ ಇರಬಹುದು. 2013ರ ಟೆಲಿಗ್ರಾಮಿನಲ್ಲಿ ಎರಡು ಲಕ್ಷದವರೆಗೂ ಸೇರಬಹುದು. 2015ರಲ್ಲಿ ಮೊದಲಾದ ಡಿಸ್ಕಾರ್ಡು ಮುಖ್ಯವಾಗಿ ಕಂಪ್ಯೂಟರಿನಲ್ಲಿ ಆಟವಾಡುವವರಿಗಾಗಿ ಹುಟ್ಟಿದ್ದು. ಅದು ಹಲವು ಕೊಠಡಿಗಳುಳ್ಳ ಛತ್ರದಂತೆ. ಒಂದು ಕೊಠಡಿಯಲ್ಲಿ ಹಾಡು, ಇನ್ನೊಂದರಲ್ಲಿ ವಾದ, ಮತ್ತೊಂದರಲ್ಲಿ ಬರಿಯ ಹರಟೆ. ನಮ್ಮ ವಾಟ್ಸಾಪ್ ಗುಂಪಾದರೋ ಒಂದೇ ಪಡಸಾಲೆ. ಕಾದಂಬರಿಯ ವಿಮರ್ಶೆ, ಶುಭೋದಯದ ಗುಲಾಬಿ, ಯಾರದೋ ಗೃಹಪ್ರವೇಶದ ಕರೆಯೋಲೆ, ಇನ್ನಾರದೋ ಮರಣವಾರ್ತೆ, ಎಲ್ಲವೂ ಅಲ್ಲಿ ಒಂದರ ಬೆನ್ನಿಗೊಂದು ಬಂದು ಹೋಗುತ್ತವೆ. ಆದರೂ ನಾವು ಅದನ್ನೇ ಆರಿಸಿಕೊಂಡೆವು. ಏಕೆಂದರೆ ಎಲ್ಲರ ಫೋನಿನಲ್ಲಿಯೂ ಮೊದಲೇ ಇದ್ದುದು ಅದೊಂದೇ. ಬಳಗ ಕಟ್ಟುವವನು ಜನರಿರುವಲ್ಲಿಗೆ ಹೋಗಬೇಕಲ್ಲದೆ, ಜನರನ್ನು ತನ್ನಲ್ಲಿಗೆ ಎಳೆದು ತರಲಾರ.

ಇದರ ಕೊರತೆ ನನಗೆ ಚೆನ್ನಾಗಿ ಅರಿವಾದದ್ದು ಒಂದು ಸಂತೋಷದ ದಿನದಂದು. 2025ರ ಮೇ 20ರ ರಾತ್ರಿ, ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತೆಂದು ಲಂಡನ್ನಿನಿಂದ ವಾರ್ತೆ ಬಂದಿತು. ಬೆಳಗಾಗುವಷ್ಟರಲ್ಲಿ ನಮ್ಮ ಗುಂಪಿನಲ್ಲಿ ಹೂಗುಚ್ಛಗಳ ಚಿತ್ರಗಳು ಹೊಳೆಯಾಗಿ ಹರಿದಿದ್ದುವು. ಹಾಸನದವರಾದ ನಮಗೆ ಹೆಮ್ಮೆಯೆನಿಸಿದ್ದು ಸಹಜವೇ. ಆದರೆ ಮಧ್ಯಾಹ್ನದವರೆಗೂ ಬೆರಳಿನಿಂದ ತಳ್ಳುತ್ತ ನೋಡಿದೆ. ಆ ರಾಶಿಯಲ್ಲಿ ಅವರ ಒಂದು ಕಥೆಯನ್ನಾದರೂ ಕುರಿತ ಒಂದು ವಾಕ್ಯವೂ ಇರಲಿಲ್ಲ. ಹೂವು ಕಳುಹಿಸುವುದು ಒಂದು ಬೆರಳಿನ ಕೆಲಸ. ಓದುವುದು ಒಂದು ಸಂಜೆಯ ಕೆಲಸ. ಅಂದು ನಾನೂ ಒಂದು ಹೂಗುಚ್ಛವನ್ನು ಕಳುಹಿಸಿ ಸುಮ್ಮನಾದವನೇ ಎಂಬುದನ್ನು ಮುಚ್ಚಿಡಲಾರೆ.

ಎರಡನೆಯ ಪಾಠವು ದುಃಖದ ದಿನದಂದು ಬಂದಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡರು. ಇಡೀ ದಿನ ಗುಂಪಿನಲ್ಲಿ ಹಣತೆಗಳು, ಮುಗಿದ ಕೈಗಳು. ರಾತ್ರಿ ಹತ್ತರ ಸುಮಾರಿಗೆ ಯಾರೋ 'ಗೃಹಭಂಗ'ವನ್ನು ಮೊದಲಿನಿಂದ ಕೊನೆಯವರೆಗೂ ಪುಟಪುಟವಾಗಿ ಛಾಯಾಚಿತ್ರ ತೆಗೆದು, ಒಂದೇ ಕಡತವಾಗಿ ಗುಂಪಿಗೆ ಹಾಕಿದರು. ಕೂಡಲೇ ಕೃತಜ್ಞತೆಗಳ ಸುರಿಮಳೆ. ಸ್ವಲ್ಪ ಹೊತ್ತಿಗೆ ಚನ್ನರಾಯಪಟ್ಟಣದಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಫೋನು ಬಂದಿತು.

"ಏನು ಮೇಷ್ಟ್ರೆ, ಇದು ಶ್ರದ್ಧಾಂಜಲಿಯೋ, ಸುಲಿಗೆಯೋ?"

ಅವರ ಮಾತು ಕಟುವಾದರೂ ನ್ಯಾಯವಾಗಿತ್ತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕನು ತೀರಿಕೊಂಡ ಮೇಲೂ 60 ವರ್ಷಗಳವರೆಗೆ ಅವನ ಕೃತಿಯ ಮೇಲಣ ಹಕ್ಕು ಉಳಿದಿರುತ್ತದೆ. 1971ರಲ್ಲಿ ಅಗಲಿದ ಅ. ನ. ಕೃ. ಅವರ ಕಾದಂಬರಿಗಳೂ 2031ರ ಕೊನೆಯವರೆಗೆ ಈ ರಕ್ಷಣೆಗೆ ಒಳಪಟ್ಟವು. ಸದಸ್ಯರು ಹಾಕಿದ ಆಕ್ಷೇಪಾರ್ಹ ಬರಹಕ್ಕೆ ಗುಂಪಿನ ಮೇಲ್ವಿಚಾರಕನನ್ನು ಹೊಣೆ ಮಾಡಲಾಗದೆಂದು ಕೇರಳದ ಹೈಕೋರ್ಟು 2022ರಲ್ಲಿ ತೀರ್ಪಿತ್ತದ್ದುಂಟು. ಆದರೆ ನ್ಯಾಯಾಲಯವು ಬಿಟ್ಟರೂ ಮನಸ್ಸಾಕ್ಷಿ ಬಿಡಬೇಕಲ್ಲ! ಆ ಕಡತವನ್ನು ನಾನು ಅಳಿಸಿಹಾಕಿದೆ. ಅಷ್ಟಕ್ಕೆ ನಿಲ್ಲದೆ, "ಕದ್ದ ಪುಸ್ತಕದಿಂದ ಯಾರಿಗೂ ಗೌರವ ಸಲ್ಲುವುದಿಲ್ಲ" ಎಂದು ಎಲ್ಲರೆದುರಿಗೆ ಬರೆದೆ. ಬರೆದಾಗ ನನ್ನ ವಾಕ್ಯವು ನನಗೇ ಬಹಳ ಚೆನ್ನಾಗಿ ಕಂಡಿತು.

ಬೆಳಿಗ್ಗೆ ನೋಡಿದರೆ, ಕಡತವನ್ನು ಹಾಕಿದವರು ಗುಂಪನ್ನು ಬಿಟ್ಟುಹೋಗಿದ್ದರು. ವಿಚಾರಿಸಲು ಆಕೆ ನನ್ನ ಹಳೆಯ ವಿದ್ಯಾರ್ಥಿನಿ. ಹೊಳೆನರಸೀಪುರದ ಬಳಿಯ ಒಂದು ಹಳ್ಳಿಯವಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು:

"ಸಾರ್, ಅದು ನನಗೂ ಯಾರೋ ಕಳುಹಿಸಿದ್ದು. ತಪ್ಪೆಂದು ಗೊತ್ತಿರಲಿಲ್ಲ. ನಮ್ಮೂರಲ್ಲಿ ಪುಸ್ತಕದ ಅಂಗಡಿ ಎಲ್ಲಿದೆ, ನೀವೇ ಹೇಳಿ. ಗ್ರಂಥಾಲಯದ ವೇಳೆಗೂ ನನ್ನ ಪಾಳಿಗೂ ಹೊಂದುವುದಿಲ್ಲ. ತರಗತಿಯಲ್ಲಿ ನಂಜಮ್ಮನ ಕಥೆ ಹೇಳಿ ಆಸೆ ಹುಟ್ಟಿಸಿದವರು ನೀವು. ಪುಸ್ತಕ ಮಾತ್ರ ಕೊಡಲಿಲ್ಲ."

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಪುಸ್ತಕವನ್ನು ಕದಿಯಬಾರದೆಂಬುದು ದಿಟ. ಆದರೆ ಓದಲು ಹಂಬಲಿಸುವವಳಿಗೆ ಪುಸ್ತಕವು ದೊರೆಯಬೇಕೆಂಬುದೂ ಅಷ್ಟೇ ದಿಟ. ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ಮರೆಯುವ ಬಳಗವು ಅಭಿಮಾನಿಗಳ ಬಳಗವಲ್ಲ, ಕಾವಲುಗಾರರ ಬಳಗ. ನೂರು ಮಂದಿಗೆ ಮೀರಿ ಸೇರಿದ್ದ ನಮ್ಮ ಗುಂಪಿನಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ 'ಗೃಹಭಂಗ'ವು ಧೂಳು ತಿನ್ನುತ್ತ ಕುಳಿತಿತ್ತು. ನನ್ನ ಮನೆಯಲ್ಲೇ ಎರಡು ಪ್ರತಿಗಳಿದ್ದುವು! ನಾವು ಐದು ವರ್ಷ ಮಾತನ್ನು ಹಂಚಿಕೊಂಡಿದ್ದೆವೇ ಹೊರತು ಪುಸ್ತಕವನ್ನು ಹಂಚಿಕೊಂಡಿರಲಿಲ್ಲ.

ಅಂದೇ ಸಂಜೆ ಗುಂಪಿನಲ್ಲಿ ಬರೆದೆ: ಕಡತವನ್ನು ಅಳಿಸಿದ್ದು ಸರಿ, ಆಡಿದ ಮಾತು ಸರಿಯಲ್ಲ, ಅದಕ್ಕಾಗಿ ಕ್ಷಮೆ ಬೇಡುತ್ತೇನೆ, ನನ್ನಲ್ಲಿರುವ ಒಂದು ಪ್ರತಿಯನ್ನು ಇಂದಿನಿಂದ ಬಳಗಕ್ಕೆ ಬಿಟ್ಟಿದ್ದೇನೆ. ವಾರ ಕಳೆಯುವುದರೊಳಗೆ ಬೇರೆ ಬೇರೆ ಮನೆಗಳಿಂದ ಪುಸ್ತಕಗಳು ಹೊರಬಂದುವು. ಕೆಲವರು ಹಣ ಕೂಡಿಸಿ ಹೊಸ ಪ್ರತಿಗಳನ್ನು ಕೊಂಡರು. ನಮ್ಮ ನಾಲ್ಕು ಊರುಗಳ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವ ಉಪಾಧ್ಯಾಯರು, ಗುಮಾಸ್ತರು, ದಾದಿಯರು ಗುಂಪಿನಲ್ಲಿಯೇ ಇದ್ದಾರೆ. ಅವರ ಚೀಲದಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿ ಒಂದು ಕಾದಂಬರಿಗೆ ಸ್ಥಳವಿಲ್ಲದೆ ಹೋಗುವುದಿಲ್ಲ. ಪ್ರತಿ ಪುಸ್ತಕದ ಕೊನೆಗೆ ಒಂದು ಹಾಳೆ ಅಂಟಿಸಿದ್ದೇವೆ. ಓದಿದವರು ಹೆಸರು, ತಾರೀಖು ಬರೆಯುತ್ತಾರೆ. ಅರಕಲಗೂಡಿನಲ್ಲಿರುವ ಪುಸ್ತಕ ಯಾರಿಗೆ ಬೇಕು, ಹಾಸನದ ಬಸ್ ನಿಲ್ದಾಣದಲ್ಲಿ ಎಷ್ಟು ಹೊತ್ತಿಗೆ ಯಾರು ಸಿಕ್ಕುತ್ತಾರೆ ಎಂಬುದನ್ನೆಲ್ಲ ತಿಳಿಸಲು ವಾಟ್ಸಾಪಿಗಿಂತ ಉತ್ತಮವಾದ ಸಾಧನವನ್ನು ನಾನು ಕಾಣೆ. ಅಂಚೆಯ ಕಾರ್ಡಿನಿಂದ ಈ ಕೆಲಸ ಎಂದಿಗೂ ಆಗುತ್ತಿರಲಿಲ್ಲ.

ಮುಖ್ಯೋಪಾಧ್ಯಾಯರ ಸಲಹೆಯಂತೆ ಎರಡು ಕಟ್ಟಳೆಗಳನ್ನೂ ಮಾಡಿಕೊಂಡೆವು. ಲೇಖಕರ ಮಾತೆಂದು ಏನನ್ನಾದರೂ ಹಾಕುವವರು ಪುಸ್ತಕದ ಹೆಸರನ್ನೂ ಪುಟವನ್ನೂ ಹೇಳತಕ್ಕದ್ದು. ಭಾನುವಾರ ಸಂಜೆ ಒಂದು ಗಂಟೆಯ ಕಾಲ ಆ ವಾರದ ಪುಸ್ತಕವಲ್ಲದೆ ಬೇರಾವ ವಿಷಯವೂ ಕೂಡದು. ಮೊದಲನೆಯ ಕಟ್ಟಳೆಯಿಂದ ಮುತ್ತಿನಂಥ ಮಾತುಗಳ ಬರವು ಥಟ್ಟನೆ ಕಡಿಮೆಯಾಯಿತು. ಅವುಗಳಲ್ಲಿ ಬಹುಪಾಲು ಯಾವ ಪುಟಕ್ಕೂ ಸೇರಿದವಾಗಿರಲಿಲ್ಲವೆಂದು ಕಾಣುತ್ತದೆ.

ಆ ಹುಡುಗಿ ಮರಳಿ ಬರಲು ತಿಂಗಳು ಹಿಡಿಯಿತು. ಒಂದು ಭಾನುವಾರ ಅವಳ ಬರಹ ಕಾಣಿಸಿತು. ಕಾದಂಬರಿಯಲ್ಲಿ ಶಾನುಭೋಗಿಕೆಯು ಗಂಡನ ಹೆಸರಿನಲ್ಲಿರುತ್ತದೆ, ಲೆಕ್ಕ ಬರೆಯುವವಳು ನಂಜಮ್ಮ. ಅದನ್ನು ನೆನೆದು ಅವಳು ಬರೆದಿದ್ದಳು: "ನಮ್ಮ ಮನೆಯ ಹಾಲಿನ ಡೈರಿಯ ಪುಸ್ತಕವೂ ಹೀಗೆಯೇ. ಹೆಸರು ಅಪ್ಪನದು, ಹಸು ಕರೆಯುವವಳು ಅಮ್ಮ."

ಹೂಗುಚ್ಛಗಳು ಬರಲಿಲ್ಲ. ಕೊಂಚ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಅರಕಲಗೂಡಿನಿಂದ ಒಬ್ಬಾಕೆ ತಮ್ಮ ಮನೆಯ ಪಹಣಿಯ ಸಂಗತಿಯನ್ನು ಬರೆದರು. ಚನ್ನರಾಯಪಟ್ಟಣದಿಂದ ಇನ್ನೊಬ್ಬರು ತಮ್ಮ ಅಜ್ಜಿಯ ವಿಚಾರವನ್ನು ಬರೆದರು. ಮುಖ್ಯೋಪಾಧ್ಯಾಯರೂ ಮೊದಲ ಬಾರಿಗೆ, ಪುಟದ ಸಂಖ್ಯೆಯನ್ನು ಕೇಳದೆ, ತಮ್ಮ ತಾಯಿಯನ್ನು ಕುರಿತು ನಾಲ್ಕು ಸಾಲು ಬರೆದರು. ಗೊತ್ತಾದ ಒಂದು ಗಂಟೆ ಮುಗಿದುಹೋಗಿತ್ತು. ಮೇಲ್ವಿಚಾರಕನಾದ ನಾನು ಅದನ್ನು ನೆನಪಿಸಬೇಕಾಗಿತ್ತು, ನೆನಪಿಸಲಿಲ್ಲ.