ಎಂಟಕ್ಕೊಂದರ ಚೋದ್ಯ

‘ತಾಮ್ರ ಒಳ್ಳೆಯ ವಾಹಕ. ಹಾಗಿದ್ದಮೇಲೆ ಅದರ ಆಕ್ಸೈಡು ಅತಿವಾಹಕವಾದರೆ ಸೋಜಿಗವೇನು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಸೋಜಿಗ ಇರುವುದೇ ಅಲ್ಲಿ. ವೈರಿನೊಳಗಿನ ತಾಮ್ರವನ್ನು ಎಷ್ಟೇ ತಣ್ಣಗಾಗಿಸಿದರೂ ಅದು ಅತಿವಾಹಕವಾದದ್ದನ್ನು, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸಿದ್ದನ್ನು, ಯಾರೂ ಕಂಡಿಲ್ಲ. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಅತಿವಾಹಕವೆಂದು ಕಂಡುಕೊಂಡದ್ದು ಲ್ಯಾಂಥನಮ್, ಬೇರಿಯಂ, ತಾಮ್ರ, ಆಕ್ಸಿಜನ್ ಕೂಡಿದ, ಪಿಂಗಾಣಿಯಂತೆ ಪೆಡಸಾದ ವಸ್ತುವನ್ನು. ಬೇರಿಯಂ ಸೇರಿಸದಿದ್ದರೆ ಅದು ಅವಾಹಕ! ಆ ಮೂಲ ಆಕ್ಸೈಡನ್ನು ನಮ್ಮ ಸಿ.ಎನ್.ಆರ್. ರಾವ್ ಅದಕ್ಕೂ ಮೊದಲೇ ಅಧ್ಯಯನ ಮಾಡಿದ್ದರು. ಚಮತ್ಕಾರವೆಲ್ಲ ತಾಮ್ರ–ಆಕ್ಸಿಜನ್ ಪದರಗಳಲ್ಲಿ ಎಲೆಕ್ಟ್ರಾನುಗಳು ಹೇಗೆ ನೆಲೆನಿಲ್ಲುತ್ತವೆ ಎಂಬುದರಲ್ಲಿದೆ.

ಮೂಲ ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ದೂಡುತ್ತ ತಂತಮ್ಮ ತಾಮ್ರದಲ್ಲೇ ಕಟ್ಟಿಬಿದ್ದಿರುತ್ತವೆ. ಬೇರಿಯಂ ಬೆರೆಸಿದಷ್ಟೂ ಪದರದಲ್ಲಿ ಎಲೆಕ್ಟ್ರಾನುಗಳು ಕಡಿಮೆಯಾಗಿ, ತೆರವಾದ ಜಾಗಗಳು ಅಂದರೆ ‘ರಂಧ್ರ’ಗಳು ಉಂಟಾಗುತ್ತವೆ, ಓಡಾಟ ಶುರುವಾಗುತ್ತದೆ. ಅತಿವಾಹಕತೆ ಮೂಡುವ ಉಷ್ಣತೆ 30 ಕೆಲ್ವಿನ್‌ವರೆಗೂ ಏರುತ್ತದೆ. ಆದರೆ ಎಂಟು ತಾಮ್ರಕ್ಕೊಂದು ರಂಧ್ರ ಎಂಬ ಲೆಕ್ಕಕ್ಕೆ ಬಂದೊಡನೆ ದಿಢೀರನೆ 4–5 ಕೆಲ್ವಿನ್‌ಗೆ ಕುಸಿಯುತ್ತದೆ. ಇನ್ನಷ್ಟು ಬೆರೆಸಿ, ಮತ್ತೆ ಏರುತ್ತದೆ!

ಯಾಕೆ ಎಂಟಕ್ಕೊಂದು? ಉತ್ತರ ಸಿಕ್ಕಿದ್ದು 1995ರಲ್ಲಿ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಟ್ರಾಂಕ್ವಾಡಾ ಮತ್ತು ಸಂಗಡಿಗರು ಇದೇ ಜಾತಿಯ ಹರಳೊಂದಕ್ಕೆ ನ್ಯೂಟ್ರಾನ್ ಹಾಯಿಸಿ ನೋಡಿದರು. ರಂಧ್ರಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ರಾಗಿ ಹೊಲದಲ್ಲಿ ಅಳತೆಯಿಟ್ಟು ಹಾಕಿದ ಅವರೆಯ ಅಕ್ಕಡಿ ಸಾಲಿನಂತೆ, ಪ್ರತಿ ನಾಲ್ಕು ತಾಮ್ರಕ್ಕೊಂದು ರಂಧ್ರದ ಸಾಲು. ನಡುವೆ ಪುಟ್ಟ ಅಯಸ್ಕಾಂತಗಳಾಗಿ ನಿಂತ ಎಲೆಕ್ಟ್ರಾನುಗಳ ಪಟ್ಟಿ. ಸಾಲಿನೊಳಗೆ ಎರಡು ತಾಮ್ರಕ್ಕೊಂದು ರಂಧ್ರ. ನಾಲ್ಕೆರಡ್ಲಿ ಎಂಟು! ಇದೇ ‘ವಿದ್ಯುದಂಶದ ಕ್ರಮಬದ್ಧತೆ’. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡಿಬರುವುದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಾಲುಗಟ್ಟಿದರೆ ಅತಿವಾಹಕತೆ ಸಾಯುತ್ತದೆ ಎಂದು ಹಲವರು ಬರೆದುಬಿಡುತ್ತಾರೆ. ಪೈಪೋಟಿ ಇರುವುದು ನಿಜ. 2012ರಲ್ಲಿ ಯಿಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡಿಗೆ ಎಕ್ಸ್–ಕಿರಣ ಹಾಯಿಸಿದಾಗ ಅಲ್ಲೂ ಇಂಥದೇ ವಿದ್ಯುದಂಶದ ಅಲೆ ಕಾಣಿಸಿತು. ಅತಿವಾಹಕತೆ ಮೂಡಿದೊಡನೆ ಆ ಅಲೆ ಕುಗ್ಗುತ್ತದೆ, ಕಾಂತಕ್ಷೇತ್ರದಿಂದ ಅತಿವಾಹಕತೆಯನ್ನು ಹತ್ತಿಕ್ಕಿದರೆ ಚಿಗುರುತ್ತದೆ. ಆದರೆ ಪೈಪೋಟಿಯೆಂದರೆ ಕೊಲೆಯಲ್ಲ. 2007ರಲ್ಲಿ ಬ್ರೂಕ್‌ಹೇವನ್ ತಂಡವೇ ಬೇರಿಯಂ ಹರಳನ್ನು ಸರಿಯಾಗಿ ಎಂಟಕ್ಕೊಂದರ ಲೆಕ್ಕದಲ್ಲಿ ಪರೀಕ್ಷಿಸಿತು. ಒಂದೊಂದು ಪದರದೊಳಗೂ ಸುಮಾರು 40 ಕೆಲ್ವಿನ್‌ನಲ್ಲೇ ಅತಿವಾಹಕತೆಯ ಲಕ್ಷಣ ಕಾಣಿಸಿಕೊಂಡಿತು. ಒಂದು ಪದರದ ಸಾಲು ಉದ್ದಕ್ಕಿದ್ದರೆ ಮುಂದಿನದರಲ್ಲಿ ಅಡ್ಡಕ್ಕೆ; ಹಾಗಾಗಿ ಪದರಗಳು ಒಂದಕ್ಕೊಂದು ಕೈಜೋಡಿಸಲಾಗದೆ ಇಡೀ ಹರಳು ಸೋತಿತು ಎಂಬುದು ಅವರ ವಿವರಣೆ.

ಅತಿವಾಹಕತೆಗೆ ಬೇಕಾದದ್ದು ಎರಡು: ಎಲೆಕ್ಟ್ರಾನುಗಳು ಜೋಡಿಯಾಗುವುದು ಒಂದು, ಆ ಜೋಡಿಗಳು ಹರಳಿನುದ್ದಕ್ಕೂ ಒಂದೇ ಲಯಕ್ಕೆ ಬರುವುದು ಇನ್ನೊಂದು. ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ಅತಿವಾಹಕವನ್ನು ಹುಡುಕುವವರು ಎರಡನ್ನೂ ಒಟ್ಟಿಗೆ ಗೆಲ್ಲಬೇಕು.