ದೇವಣಿ ಸೀಮೆಯ ದನದ ಕಾಲೇಜು

ಕಾಲೇಜುಗಳ ವಾರ್ಷಿಕ ವರದಿ ಹೇಗಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಮೊದಲು ವಿದ್ಯಾರ್ಥಿಗಳ ರ‍್ಯಾಂಕು, ಆಮೇಲೆ ಅಧ್ಯಾಪಕರ ಪ್ರಬಂಧಗಳ ಪಟ್ಟಿ, ಕೊನೆಯ ಪುಟದಲ್ಲಿ ‘ಸಮಾಜಸೇವೆ’ ಎಂಬ ತಲೆಬರಹದಡಿ ಶಿಬಿರದ ಒಂದೆರಡು ಫೋಟೊ. ಮಹಾರಾಷ್ಟ್ರದ ಉದಗೀರದ ಪಶುವೈದ್ಯಕೀಯ ಕಾಲೇಜಿನ ಸಾಧನೆಯನ್ನು ಮಾತ್ರ ಕೊನೆಯ ಪುಟದಿಂದಲೇ ಓದಲು ಶುರುಮಾಡಬೇಕು. ಸುತ್ತಲಿನ ಹಳ್ಳಿಯವರು ತಮ್ಮ ದನ ಹೊಡೆದುಕೊಂಡು ಬರದಿದ್ದರೆ ಅಲ್ಲಿ ಪಾಠವೇ ನಡೆಯುವುದಿಲ್ಲ.

1987ರಲ್ಲಿ ಪರಭಣಿಯ ಮರಾಠವಾಡಾ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ ಹುಟ್ಟಿದ ಈ ಕಾಲೇಜು, 2000ದಲ್ಲಿ ನಾಗಪುರದಲ್ಲಿ ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಆಡಳಿತಕ್ಕೆ ಸೇರಿತು. ನಾಗಪುರ ಇಲ್ಲಿಂದ ಬಲು ದೂರ. ಹತ್ತಿರ ಇರುವುದು ಬೀದರ. ಉದಗೀರ, ನಿಲಂಗಾ ಎರಡೂ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರು ಜಿಲ್ಲೆಯಾದಾಗ ಅದಕ್ಕೆ ಸೇರಿದವು. ಬೀದರದಿಂದ ಹೊರಟ ರೈಲು ಭಾಲ್ಕಿ, ಕಮಲನಗರ ದಾಟಿ ಇಂದಿಗೂ ಉದಗೀರಕ್ಕೇ ಬರುತ್ತದೆ.

ದನಗಳಿಗಂತೂ ಎರಡು ರಾಜ್ಯಗಳ ನಡುವಿನ ಈ ಗಡಿ ತಿಳಿಯದು. ಉದಗೀರದ ಪಕ್ಕದ ದೇವಣಿಯ ಹೆಸರು ಹೊತ್ತ ತಳಿ ಲಾತೂರು, ನಾಂದೇಡ, ಧಾರಾಶಿವದಷ್ಟೇ ಬೀದರದ ಕೊಟ್ಟಿಗೆಗಳಲ್ಲೂ ಇದೆ. ಗಿರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ರೂಪುಗೊಂಡದ್ದೆಂದು ಬಲ್ಲವರು ಹೇಳುತ್ತಾರೆ. ಮೈ ಬಿಳಿ, ಅದರ ಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಯಿದ್ದರೆ ಶೇವರಾ. ಮುಖದಲ್ಲಷ್ಟೇ ಕಪ್ಪು ಇದ್ದರೆ ವಾನ್ನೇರಾ. ಪೂರಾ ಬಿಳಿಯಾದರೆ ಬಾಲಂಕ್ಯಾ. ಎತ್ತು ಎರೆಹೊಲದಲ್ಲಿ ಭಾರವಾದ ನೇಗಿಲು ಎಳೆಯುತ್ತದೆ, ಆಕಳು ಮನೆಗೆ ಸಾಲುವಷ್ಟು ಹಾಲು ಕೊಡುತ್ತದೆ. ಒಂದು ಸೂಲಿಗೆ ಸರಾಸರಿ 868 ಕಿಲೊ ಎಂದು ದಾಖಲೆ. ಹೋಲ್‌ಸ್ಟೀನ್ ಮಿಶ್ರತಳಿಯ ಮುಂದೆ ಇದು ಏನೂ ಅಲ್ಲ. ಆದರೆ ಮರಾಠವಾಡದ ಬಿಸಿಲಲ್ಲಿ, ಜೋಳದ ಕಣಿಕೆ ತಿಂದು ಕೊಟ್ಟ ಹಾಲು ಇದು ಎಂಬುದನ್ನು ಲೆಕ್ಕ ಹಾಕುವವರು ಮರೆಯಬಾರದು. ಉಮರ್ಗಾ ಕಡೆ ಹೋದರೆ ಆಡಿನ ಸೀಮೆ. ಒಂದೇ ಸೂಲಿಗೆ ಎರಡು ಮರಿ ಹಾಕುವುದಕ್ಕೆ ಹೆಸರಾದ ಕರಿಯ ಉಸ್ಮಾನಾಬಾದಿ ಆಡು ಅಲ್ಲಿಯದು. ಉಸ್ಮಾನಾಬಾದ್ ಜಿಲ್ಲೆಯ ಹೆಸರು ಈಗ ಧಾರಾಶಿವ. ಆಡು ಮಾತ್ರ ಹಳೆಯ ಹೆಸರಿನಲ್ಲೇ ಸಂತೆಗೆ ಬರುತ್ತದೆ.

ಪಶುವೈದ್ಯ ಪದವಿಗೆ ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ಆಕಳು ಗಬ್ಬವೋ ಅಲ್ಲವೋ ಎಂಬುದು ಪುಸ್ತಕ ಓದಿದರೆ ತಿಳಿಯುವುದಿಲ್ಲ. ಭುಜದವರೆಗೆ ಕೈಗವಸು ತೊಟ್ಟು, ಗುದದೊಳಗೆ ಕೈ ಹಾಕಿ, ಕರುಳಿನ ಗೋಡೆಯ ಆಚೆಗಿರುವ ಗರ್ಭಕೋಶವನ್ನು ಬೆರಳಲ್ಲೇ ಗುರುತಿಸಬೇಕು. ನೂರಾರು ಆಕಳು ಮುಟ್ಟಿದ ಮೇಲೆ ಆ ಬೆರಳಿಗೆ ಬುದ್ಧಿ ಬರುತ್ತದೆ. ಆ ಆಕಳುಗಳನ್ನು ಒದಗಿಸುವವರು ರೈತರು. ಅಂದರೆ ಈ ಹುಡುಗ ಹುಡುಗಿಯರಿಗೆ ಅವರೂ ಒಂದು ಬಗೆಯ ಮೇಷ್ಟರೇ. ಪದವಿ ಪ್ರದಾನದ ದಿನ ಅವರನ್ನು ವೇದಿಕೆಗೆ ಯಾರೂ ಕರೆಯುವುದಿಲ್ಲ, ಅಷ್ಟೆ.

ಇನ್ನೊಂದು ಕಷ್ಟವಿದೆ. ರೋಗಿ ಬಾಯಿಬಿಟ್ಟು ಹೇಳದು, ಒಡೆಯನೇ ಹೇಳಬೇಕು. ಈ ಸೀಮೆಯಲ್ಲಿ ಅವನ ಮಾತು ಮರಾಠಿಯಾಗಿರಬಹುದು, ದಖನಿಯಾಗಿರಬಹುದು, ಬೀದರದ ಕನ್ನಡವಾಗಿರಬಹುದು. “ಮೇವು ತಿಂತದೇನು? ಮೆಲುಕು ಹಾಕ್ತದೇನು?” ಎಂದು ಕೇಳಲು ಬಾರದ ವೈದ್ಯನಿಗೆ ಅರ್ಧ ಕಾಯಿಲೆ ತಪ್ಪಿಹೋಗುತ್ತದೆ. 2022ರಲ್ಲಿ ಚರ್ಮಗಂಟು ರೋಗ, ಜನರ ಬಾಯಲ್ಲಿ ‘ಲಂಪಿ’, ಎರಡೂ ರಾಜ್ಯಗಳ ಕೊಟ್ಟಿಗೆಗಳಿಗೆ ನುಗ್ಗಿತು. ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೆ ಚುಚ್ಚಬೇಕಾಯಿತು. ಆಡಿನ ಸೂಜಿ ಆಕಳಿಗೇಕೆ ಎಂದು ಕೇಳುವ ರೈತನಿಗೆ ತಿಳಿಯುವಂತೆ ಉತ್ತರ ಕೊಡುವುದೂ ವೈದ್ಯಕೀಯವೇ.

ಆದರೆ ದೇವಣಿಯ ನಿಜವಾದ ಸಂಕಟ ರೋಗದ್ದಲ್ಲ, ಟ್ರ್ಯಾಕ್ಟರಿನದು. ಎಳೆಯುವ ಕೆಲಸ ಹೋದ ಮೇಲೆ ಎತ್ತನ್ನು ಸಾಕುವವರು ಯಾರು? ಹಾಲಿಗಾಗಿ ಪರಭಣಿಯಲ್ಲಿ ಹೋಲ್‌ಸ್ಟೀನ್ ಮತ್ತು ದೇವಣಿ ಕೂಡಿಸಿ ‘ಹೋಲ್‌ದೇವ್’ ಮಾಡಿ ನೋಡಿದರು. ಹಾಲು ಬೇಕೆಂಬ ರೈತನನ್ನು ನಾನು ದೂರಲಾರೆ. ಆದರೂ ಶುದ್ಧ ತಳಿಯಲ್ಲೇ ಒಳ್ಳೆಯ ಗೂಳಿ ಆರಿಸುವ ಹಾದಿ ಮೇಲೆಂದು ನನ್ನ ಅನಿಸಿಕೆ. ಅದು ನಿಧಾನದ ಹಾದಿ. ಗೂಳಿಯ ಗುಣ ಗೊತ್ತಾಗುವುದು ಅದರ ಹೆಣ್ಣುಕರುಗಳು ಹಾಲು ಕೊಟ್ಟಾಗ. ಗರ್ಭದಲ್ಲಿ ಒಂಬತ್ತು ತಿಂಗಳಿಗೂ ಮೇಲೆ, ಮೊದಲ ಸೂಲಿಗೆ ಮೂರು ವರ್ಷದಾಚೆ, ಅಲ್ಲಿಂದ ಒಂದು ಪೂರ್ತಿ ಸೂಲಿನ ಲೆಕ್ಕ. ಹೆಚ್ಚುಕಡಿಮೆ ಐದು ವರ್ಷ ಬೇಕು. ಯಾವ ವಾರ್ಷಿಕ ವರದಿಗೂ ಸಿಗದ ಕೆಲಸ ಇದು.

ಕರ್ನಾಟಕದಲ್ಲೂ ಇದೇ ತಳಿಗಾಗಿ ಕೆಲಸ ನಡೆದಿದೆ. ಬೀದರದ ಪಶು ವಿಶ್ವವಿದ್ಯಾಲಯಕ್ಕೆ ಕಟ್ಟಿತೂಗಾಂವದಲ್ಲಿ ದೇವಣಿಗೆಂದೇ ಕೇಂದ್ರವಿದೆ. ಎರಡೂ ಕಡೆಯ ಗೂಳಿಗಳ ವಂಶಾವಳಿಯೂ ಅವುಗಳ ತಾಯಂದಿರ ಹಾಲಿನ ಲೆಕ್ಕವೂ ಒಂದೇ ವಹಿಯಲ್ಲಿ, ಮರಾಠಿ ಕನ್ನಡ ಎರಡರಲ್ಲೂ ಸಿಗುವಂತಾದರೆ ಬೀದರ ಜಿಲ್ಲೆಯ ಔರಾದಿನವರಿಗೂ ನಿಲಂಗಾದವರಿಗೂ ಗೂಳಿ ಆರಿಸುವುದು ಸುಲಭವಾಗುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಎರಡು ವಿಶ್ವವಿದ್ಯಾಲಯಗಳ ನಡುವೆ ಒಂದು ಒಪ್ಪಂದ, ಹಾಲು ಅಳೆದು ಬರೆದಿಡುವ ಕೆಲವು ಹುಡುಗರು ಇದ್ದರೆ ಸಾಕು.