ಅಗ್ಗದ ಟಿಕೆಟ್ಟು ಎಂಬ ಜರಡಿ

ಮೈಸೂರಿನ ಕೆಸರೆಯ ಒಂದು ಮನೆಗೆ ಮಧ್ಯಾಹ್ನದ ಹೊತ್ತು ಫೋನು ಬರುತ್ತದೆ ಎಂದಿಟ್ಟುಕೊಳ್ಳಿ. ನಂಬರು ಗುರುತಿನದಲ್ಲ, ಮಾತು ಮಾತ್ರ ಒಳ್ಳೆಯ ಕನ್ನಡದಲ್ಲಿ. "ಅಮ್ಮಾ, ಕೇರಳದ ಬಂಪರ್ ಲಾಟರಿ. 500 ರೂಪಾಯಿ ಟಿಕೆಟ್ಟು ಇವತ್ತು ಮಾತ್ರ 100 ರೂಪಾಯಿಗೆ ಕೊಡುತ್ತಿದ್ದೇವೆ. ಹಣ ಕಳಿಸಿ, ಟಿಕೆಟ್ಟಿನ ಫೋಟೋ ವಾಟ್ಸ್ಆ್ಯಪ್‌ಗೆ ಬರುತ್ತದೆ." ಮನೆಯ ಹಿರಿಯರು ನಿಮ್ಮ ಮುಖ ನೋಡುತ್ತಾರೆ. ಫೋನಿನಲ್ಲಿ ಹಣ ಕಳಿಸಲು ಬರುವುದು ನಿಮಗೆ ತಾನೆ? ಆಗ ನೀವೇನು ಹೇಳುವಿರಿ?

"ಇದೆಲ್ಲ ಸುಳ್ಳು" ಎಂದಷ್ಟೇ ಹೇಳಿದರೆ ಅವರು ಒಪ್ಪಲಿಕ್ಕಿಲ್ಲ. ಸುಳ್ಳಿನ ಜೊತೆ ಒಂದು ನಿಜವೂ ಬೆರೆತಿದೆ. 2024ರ ಅಕ್ಟೋಬರಿನಲ್ಲಿ ಕೇರಳ ಸರ್ಕಾರದ ತಿರುವೋಣಂ ಬಂಪರಿನ ಮೊದಲ ಬಹುಮಾನ, 25 ಕೋಟಿ ರೂಪಾಯಿ, ಬಂದದ್ದು ಮಂಡ್ಯ ಜಿಲ್ಲೆಯ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ. ಟಿಕೆಟ್ಟು ಮಾರಾಟವಾದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಪಕ್ಕದ ಊರಿನವರಿಗೆ ಬಂದದ್ದು ನಮಗೇಕೆ ಬರಬಾರದು ಎಂಬ ಆಸೆ ಸಹಜ. ಕರೆ ಮಾಡುವವನಿಗೆ ಬೇಕಾದದ್ದೂ ಆ ಆಸೆಯೇ.

ಆ ನಿಜವನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಆ ಸಲ ಮಾರಾಟವಾದ ಟಿಕೆಟ್ಟುಗಳು ಸುಮಾರು 71 ಲಕ್ಷ. 2011ರ ಜನಗಣತಿಯಂತೆ ಇಡೀ ಮೈಸೂರು ಜಿಲ್ಲೆಯ ಜನಸಂಖ್ಯೆ ಸುಮಾರು 30 ಲಕ್ಷ. ಅಂದರೆ ಜಿಲ್ಲೆಯ ಜನರ ಎರಡು ಪಟ್ಟಿಗಿಂತಲೂ ದೊಡ್ಡ ಗುಂಪಿನಲ್ಲಿ ಒಬ್ಬರನ್ನು ಆರಿಸಿದಂತೆ. ಅದೂ ಅಸಲಿ ಟಿಕೆಟ್ಟು ಕೈಯಲ್ಲಿದ್ದರೆ ಮಾತ್ರ.

ಫೋನಿನಲ್ಲಿ ಬರುವುದು ಅಸಲಿ ಟಿಕೆಟ್ಟಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ. ಬೇರೆ ರಾಜ್ಯದ ಲಾಟರಿಯನ್ನು ತನ್ನಲ್ಲಿ ಮಾರದಂತೆ ತಡೆಯುವ ಅಧಿಕಾರವನ್ನು 1998ರ ಲಾಟರಿ (ನಿಯಂತ್ರಣ) ಕಾಯ್ದೆ ಪ್ರತಿ ರಾಜ್ಯಕ್ಕೂ ಕೊಟ್ಟಿದೆ. ಇನ್ನು ಕೇರಳ ಸರ್ಕಾರ ತನ್ನ ಟಿಕೆಟ್ಟನ್ನು ಕಾಗದದಲ್ಲಿ ಮಾತ್ರ ಮಾರುತ್ತದೆ. ಬೆಲೆ ಟಿಕೆಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ. ಬಹುಮಾನ ಪಡೆಯಲು ಮೂಲ ಟಿಕೆಟ್ಟನ್ನೇ ಒಪ್ಪಿಸಬೇಕು. ಫೋಟೋ ಇದ್ದವರಿಗೆ ಹಣ ಸಿಗುವುದಿಲ್ಲ. ಒಂದೇ ಟಿಕೆಟ್ಟಿನ ಫೋಟೋವನ್ನು ನೂರು ಜನಕ್ಕೆ ಕಳಿಸಬಹುದಲ್ಲವೇ?

ಹಾಗಾದರೆ ನೂರು ರೂಪಾಯಿಗಾಗಿ ಇಷ್ಟೆಲ್ಲ ಶ್ರಮವೇಕೆ? ಇಲ್ಲಿಯೇ ಇದರ ಗುಟ್ಟು ಇರುವುದು. ತಿಳಿವಳಿಕೆಗಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಿ. ಅವನು ಸಾವಿರ ಮಂದಿಗೆ ಕರೆ ಮಾಡುತ್ತಾನೆ. 990 ಜನ ಫೋನು ಇಟ್ಟುಬಿಡುತ್ತಾರೆ. ಹತ್ತು ಜನ ನೂರು ನೂರು ಕಳಿಸುತ್ತಾರೆ. ಅವನಿಗೆ ಸಿಕ್ಕಿದ್ದು ಸಾವಿರ ರೂಪಾಯಿ ಅಷ್ಟೇ ಅಲ್ಲ. ತನ್ನ ಮಾತು ನಂಬುವ ಹತ್ತು ಜನರ ಪಟ್ಟಿ. ಅಮ್ಮ ಹಿಟ್ಟು ಜರಡಿ ಹಿಡಿಯುವುದನ್ನು ನೋಡಿದ್ದೀರಿ. ಅಗ್ಗದ ಟಿಕೆಟ್ಟು ಅಂಥದ್ದೊಂದು ಜರಡಿ. ಬೆಲೆ ಕಡಿಮೆ ಇಟ್ಟಿರುವುದು "ಹೋದರೆ ನೂರು ರೂಪಾಯಿ ತಾನೆ" ಎಂದು ನಾವು ಅಂದುಕೊಳ್ಳಲಿ ಎಂದೇ.

ಎರಡನೆಯ ಕರೆ ಈ ಹತ್ತು ಜನಕ್ಕೆ ಮಾತ್ರ. "ನಿಮಗೆ 5 ಲಕ್ಷ ಬಂದಿದೆ, ತೆರಿಗೆಗೆ 10,000 ಕಟ್ಟಿ." ಆಮೇಲೆ ಬ್ಯಾಂಕ್ ಶುಲ್ಕ, ಆಮೇಲೆ ಇನ್ನೊಂದು. ಕಟ್ಟಿದ ಹಣ ಕೈಬಿಟ್ಟು ಹೋಗುತ್ತದೆಂಬ ಭಯವೇ ಮತ್ತೆ ಕಟ್ಟಿಸುತ್ತದೆ. ಇಲ್ಲಿ ಒಂದು ವಿಷಯ ನೆನಪಿಡಿ. ಲಾಟರಿಯ ನಗದು ಬಹುಮಾನ ದೊಡ್ಡದಾದಾಗ ಆದಾಯ ತೆರಿಗೆಯನ್ನು ಕೊಡುವವರೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗೆದ್ದವರಿಂದ ಮುಂಗಡವಾಗಿ ಫೋನಿನಲ್ಲಿ ವಸೂಲಿ ಮಾಡುವ ಪದ್ಧತಿ ಇಲ್ಲ. ಹಾಗೆಯೇ, ನಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ವಿದ್ಯಾರ್ಥಿಗಳಾದ ನಿಮಗೆ ಇನ್ನೊಂದು ಎಚ್ಚರಿಕೆ. ಇಂಥ ಹಣವನ್ನು ವಂಚಕರು ತಮ್ಮ ಖಾತೆಗೆ ತರಿಸಿಕೊಳ್ಳುವುದಿಲ್ಲ. "ನಿನ್ನ ಬ್ಯಾಂಕ್ ಖಾತೆ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್" ಎಂದು ಕಾಲೇಜು ಹುಡುಗರನ್ನು ಕೇಳುವುದುಂಟು. ಕೊಟ್ಟರೆ, ಯಾರದೋ ಅಜ್ಜಿಯ ಪಿಂಚಣಿ ಹಣ ನಿಮ್ಮ ಹೆಸರಿನ ಖಾತೆಗೆ ಬಂದು ಹೋಗುತ್ತದೆ. ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಖಾತೆ ಸ್ಥಗಿತವಾಗುತ್ತದೆ, ಮೊಕದ್ದಮೆಯೂ ಆಗಬಹುದು.

ಕರೆ ಬಂದಾಗ ಮಾಡಬೇಕಾದದ್ದು ಸುಲಭ. ವಾದಕ್ಕೆ ನಿಲ್ಲಬೇಡಿ, ಬುದ್ಧಿವಂತಿಕೆ ತೋರಿಸಲು ಹೋಗಬೇಡಿ, ಫೋನು ಇಟ್ಟುಬಿಡಿ. ಕಳಿಸಿದ ಕೊಂಡಿಯನ್ನು ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ. ನಂಬರು, ದಿನಾಂಕ, ಹೊತ್ತು ಬರೆದಿಟ್ಟುಕೊಂಡು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಿ. 2024ರಲ್ಲಿ ಆರಂಭವಾದ ಈ ಸೌಲಭ್ಯ ಇರುವುದೇ ಅನುಮಾನದ ಕರೆಗಳಿಗಾಗಿ. ಹಣ ಹೋಗಿದ್ದರೆ ಮಾತ್ರ ಒಂದು ನಿಮಿಷವನ್ನೂ ಕಳೆಯದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಹೋಗುವ ಮುನ್ನ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ಹಣ ಕಳೆದುಕೊಂಡ ಹಿರಿಯರು ಸಾಮಾನ್ಯವಾಗಿ ನಾಚಿಕೆಯಿಂದ ಸುಮ್ಮನಿರುತ್ತಾರೆ. ಮಕ್ಕಳು ಬೈದಾರು ಎಂಬ ಅಂಜಿಕೆ ಬೇರೆ. ಆ ಮೌನದಲ್ಲಿ ಕಳೆದ ಪ್ರತಿ ಗಂಟೆಯೂ ವಂಚಕನಿಗೆ ಲಾಭ. ಆದ್ದರಿಂದ ಇಂದು ಸಂಜೆಯೇ ಮನೆಯಲ್ಲಿ ಈ ಜರಡಿಯ ಲೆಕ್ಕವನ್ನು ವಿವರಿಸಿ, ಜೊತೆಗೆ ಇಷ್ಟನ್ನೂ ಹೇಳಿ: "ಅಜ್ಜಿ, ಇಂಥ ಫೋನು ಬಂದರೆ ನನಗೆ ಹೇಳಿ. ಹಣ ಕಳಿಸಿಬಿಟ್ಟಿದ್ದರೂ ಹೇಳಿ. ನಾನು ಬೈಯುವುದಿಲ್ಲ."